ಅಣು ಯಾವುದು, ಧಾತು ಯಾವುದು?



ಕನ್ನಡ ಕಲಿಸುವವರಿಗೆ ರಸಾಯನಶಾಸ್ತ್ರದ ಗೊಡವೆ ಏಕೆ ಎಂದು ನಿಮಗೆ ಅನಿಸಬಹುದು. ಪ್ರಯೋಗಶಾಲೆಯ ಕೀಲಿಕೈ ನನ್ನ ಹತ್ತಿರ ಇಲ್ಲವೆಂಬುದು ನಿಜ. ಆದರೆ ಶಬ್ದಗಳ ವಿಚಾರ ನನ್ನ ವಿಷಯ. ವಿಜ್ಞಾನದ ಉತ್ತರಪತ್ರಿಕೆಯಲ್ಲಿ ನಮ್ಮ ಮಕ್ಕಳ ಕೈಬಿಟ್ಟು ಹೋಗುವ ಅಂಕಗಳಲ್ಲಿ ಕೆಲವು ಶಬ್ದದ ದೆಸೆಯಿಂದ ಹೋಗುತ್ತವೆ. ಪಾಠ ತಿಳಿದಿರುತ್ತದೆ, ಅಭ್ಯಾಸವೂ ಆಗಿರುತ್ತದೆ. ಆದರೂ ಒಂದೇ ಶಬ್ದ ಎರಡು ಭಾಷೆಗಳಲ್ಲಿ ಎರಡು ಬೇರೆ ವಸ್ತುಗಳ ಹೆಸರಾಗಿರುವುದರಿಂದ ಜಾಣ ಹುಡುಗನೂ ಎಡವುತ್ತಾನೆ. ಅಂಥ ಕೆಲವು ಶಬ್ದಗಳನ್ನು ಇಲ್ಲಿ ಬಿಡಿಸಿ ಇಡುತ್ತೇನೆ.

ನಮ್ಮ ಊರಿನ ಸ್ಥಿತಿ ಧಾರವಾಡ, ಮೈಸೂರುಗಳ ಹಾಗಿಲ್ಲ. ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಒಂದು ಪಾಳಿ ಬಿಡುವ ಹೊತ್ತಿಗೆ ಟಾವೆಲ್ ಕಾರಖಾನೆಯ ಗೇಟಿನ ಮುಂದೆ ನಿಂತು ಕೇಳಿರಿ. ಕನ್ನಡ, ಮರಾಠಿ, ತೆಲುಗು, ಉರ್ದು ಒಟ್ಟಿಗೇ ಹೊರಗೆ ಬರುತ್ತವೆ. ನಮ್ಮ ಹುಡುಗನ ಮನೆಯ ಮಾತು ಕನ್ನಡ, ಸಾಲೆಯ ಪುಸ್ತಕ ಕನ್ನಡ. ಸಂಜೆ ಶಿಕವಣಿಗೆ ಹೋದರೆ ಅಲ್ಲಿ ಹೇಳಿಕೊಡುವವರು ಮರಾಠಿಯವರು. ಓಣಿಯ ಗೆಳೆಯನ ಹತ್ತಿರ ಇರುವುದು ಮರಾಠಿ ಗೈಡು. ಹತ್ತನೆಯ ಇಯತ್ತೆ ಮುಗಿಸಿ ವಿಜ್ಞಾನ ಶಾಖೆಗೆ ಹೋದರೆ ಎಲ್ಲವೂ ಇಂಗ್ಲಿಷ್. ಪುಣೆಯಲ್ಲಿ ೧೯೬೭ರಲ್ಲಿ ಸ್ಥಾಪನೆಯಾದ ಪಠ್ಯಪುಸ್ತಕ ಮಂಡಳ, ನಾವೆಲ್ಲ ಬಾಲಭಾರತಿ ಎಂದು ಕರೆಯುವ ಸಂಸ್ಥೆ, ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಪುಸ್ತಕ ತರುತ್ತದೆ. ಹೀಗಾಗಿ ಗೆಳೆಯರಿಬ್ಬರೂ ಓದುವ ಪಾಠ ಒಂದೇ, ಚಿತ್ರವೂ ಒಂದೇ. ಶಬ್ದಗಳು ಮಾತ್ರ ಬೇರೆ. ಪೂರ್ತಿ ಬೇರೆಯಾಗಿದ್ದರೆ ತೊಂದರೆಯೇ ಇರುತ್ತಿರಲಿಲ್ಲ. ಎರಡೂ ಭಾಷೆಗಳು ಸಂಸ್ಕೃತದ ಒಂದೇ ಉಗ್ರಾಣದಿಂದ ಶಬ್ದ ತಂದುಕೊಂಡು, ಬೇರೆ ಬೇರೆ ವಸ್ತುಗಳಿಗೆ ಹಚ್ಚಿವೆ. ತೊಡಕು ಇರುವುದು ಅಲ್ಲಿಯೇ.

ಮೊದಲು ಅಣುವನ್ನೇ ತೆಗೆದುಕೊಳ್ಳೋಣ. ಇಂಗ್ಲಿಷಿನಲ್ಲಿ ಆ್ಯಟಮ್ ಎನ್ನುವುದಕ್ಕೆ ಕನ್ನಡ ವಿಜ್ಞಾನದಲ್ಲಿ ಪರಮಾಣು ಎನ್ನುತ್ತೇವೆ. ಪರಮಾಣುಗಳು ಒಂದಕ್ಕೊಂದು ಬಿಗಿದುಕೊಂಡು ಒಂದು ಗುಂಪಾಗಿ ನಿಂತರೆ ಅದು ಅಣು, ಇಂಗ್ಲಿಷಿನ ಮಾಲೆಕ್ಯೂಲ್. ಮರಾಠಿಯಲ್ಲಿ ಆ್ಯಟಮ್ ಎಂದರೆ ಅಣು, ಮಾಲೆಕ್ಯೂಲ್ ಎಂದರೆ ರೇಣು. ಅಂದರೆ ನಮ್ಮ ಅಣು ಮರಾಠಿಗೆ ಹೋದ ಕೂಡಲೇ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತದೆ. ‘ನೀರಿನ ಅಣುವಿನಲ್ಲಿ ಮೂರು ಪರಮಾಣುಗಳಿವೆ’ ಎಂದು ಕನ್ನಡ ಪುಸ್ತಕ ಹೇಳಿದರೆ, ‘ನೀರಿನ ರೇಣುವಿನಲ್ಲಿ ಮೂರು ಅಣುಗಳಿವೆ’ ಎಂದು ಮರಾಠಿ ಪುಸ್ತಕ ಹೇಳುತ್ತದೆ. ಎರಡೂ ಸರಿಯೇ. ಆದರೆ ಹಗಲು ಕನ್ನಡದಲ್ಲಿ ಓದಿ ಸಂಜೆ ಮರಾಠಿಯಲ್ಲಿ ಕೇಳಿದ ಹುಡುಗ ಪರೀಕ್ಷೆಯಲ್ಲಿ ‘ನೀರಿನ ಅಣುವಿನಲ್ಲಿ ಮೂರು ಅಣುಗಳಿವೆ’ ಎಂದು ಬರೆಯುತ್ತಾನೆ. ಆ ವಾಕ್ಯಕ್ಕೆ ಎರಡೂ ಭಾಷೆಗಳಲ್ಲಿ ಅರ್ಥವಿಲ್ಲ.

ಒಂದು ಅಕ್ಷರದ ಅಂತರಕ್ಕೆ ಇಷ್ಟು ಗದ್ದಲವೇಕೆ ಎನ್ನುವವರು ಎಂಐಡಿಸಿಯ ಯಾವುದಾದರೂ ಪ್ರೋಸೆಸ್ ಹೌಸಿನಲ್ಲಿ ಕೆಲಸ ಮಾಡುವ ಪಾಲಕರನ್ನು ಕೇಳಬೇಕು. ಮಗ್ಗದಿಂದ ಬಂದ ಕೋರಾ ಟಾವೆಲ್ ಹಳದಿಯಾಗಿ ಇರುತ್ತದೆ. ಅದನ್ನು ಬೆಳ್ಳಗೆ ಮಾಡಲು ಬಳಸುವ ವಸ್ತುವಿಗೆ ಕೆಲಸಗಾರರು ಪೆರಾಕ್ಸೈಡ್ ಎನ್ನುತ್ತಾರೆ. ಪೂರ್ಣ ಹೆಸರು ಹೈಡ್ರೋಜನ್ ಪೆರಾಕ್ಸೈಡ್. ನೋಡಲು ನೀರಿನ ಹಾಗೆಯೇ ಇದೆ. ಅದರಲ್ಲಿರುವ ಮೂಲವಸ್ತುಗಳೂ ನೀರಿನವೇ: ಜಲಜನಕ ಮತ್ತು ಆಮ್ಲಜನಕ. ನೀರಿನ ಒಂದು ಅಣುವಿನಲ್ಲಿ ಜಲಜನಕದ ಎರಡು ಪರಮಾಣು, ಆಮ್ಲಜನಕದ ಒಂದು ಪರಮಾಣು. ಪೆರಾಕ್ಸೈಡಿನ ಒಂದು ಅಣುವಿನಲ್ಲಿ ಜಲಜನಕದ ಎರಡು, ಆಮ್ಲಜನಕದ ಎರಡು. ಒಂದೇ ಒಂದು ಪರಮಾಣು ಹೆಚ್ಚು. ಆ ಒಂದು ಪರಮಾಣುವಿನಿಂದ, ದಿನವೂ ತಂಬಿಗೆ ತುಂಬ ಕುಡಿಯುವ ನೀರು ಹೋಗಿ, ಬಟ್ಟೆಯ ಬಣ್ಣ ತೆಗೆಯುವ, ಗಾಢವಾಗಿದ್ದಾಗ ಕೈಯ ಮೇಲೆ ಬಿದ್ದರೆ ಚರ್ಮವನ್ನು ಬೆಳ್ಳಗೆ ಸುಡುವ ದ್ರವ ಬರುತ್ತದೆ. ವಸ್ತುವಿನ ಗುಣ ಅದರಲ್ಲಿ ಯಾವ ಪರಮಾಣುಗಳಿವೆ ಎಂಬುದರ ಮೇಲಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಅವು ಎಷ್ಟು, ಹೇಗೆ ಕೂಡಿ ಅಣುವಾಗಿವೆ ಎಂಬುದನ್ನೂ ನೋಡಬೇಕು. ಪರಮಾಣು ಮತ್ತು ಅಣು ಎಂದು ಎರಡು ಶಬ್ದಗಳು ಬೇಕಾದುದು ಇದೇ ಕಾರಣಕ್ಕೆ.

ಲೆಕ್ಕಗಳಲ್ಲಂತೂ ಈ ಗೊಂದಲ ನೇರವಾಗಿ ಅಂಕ ಕಸಿಯುತ್ತದೆ. ಆಮ್ಲಜನಕದ ಪರಮಾಣು ತೂಕ ೧೬. ನಾವು ಉಸಿರಾಡುವ ಆಮ್ಲಜನಕದಲ್ಲಿ ಪರಮಾಣುಗಳು ಜೋಡಿಯಾಗಿ ಇರುವುದರಿಂದ ಅದರ ಅಣುತೂಕ ೩೨. (ಹೊಸ ಪುಸ್ತಕಗಳಲ್ಲಿ ತೂಕ ಎಂಬಲ್ಲಿ ರಾಶಿ ಎಂದಿರುತ್ತದೆ.) ಮರಾಠಿಯಲ್ಲಿ ಆಮ್ಲಜನಕದ ‘ಅಣುವಸ್ತುಮಾನ’ ೧೬, ‘ರೇಣುವಸ್ತುಮಾನ’ ೩೨. ಶಿಕವಣಿಯಲ್ಲಿ ‘ಅಣು’ ಎಂದು ಕೇಳಿ ೧೬ ಬರೆದುಕೊಂಡವನು ನಮ್ಮ ಪರೀಕ್ಷೆಯಲ್ಲಿ ಅಣುತೂಕ ಎಂದು ಕೇಳಿದಾಗಲೂ ೧೬ ಎಂದೇ ಬರೆದರೆ ಮುಂದಿನ ಐದು ಹೆಜ್ಜೆಗಳೂ ತಪ್ಪುತ್ತವೆ.

ಇದಕ್ಕೆ ಮಕ್ಕಳನ್ನು ಗದರಿಸುವ ಮೊದಲು ಒಂದು ಚರಿತ್ರೆ ಕೇಳಿರಿ. ಪರಮಾಣು ಸಿದ್ಧಾಂತವನ್ನು ಹೊಸ ವಿಜ್ಞಾನಕ್ಕೆ ತಂದವನು ಇಂಗ್ಲೆಂಡಿನ ಜಾನ್ ಡಾಲ್ಟನ್. ೧೭೬೬ರಲ್ಲಿ ಹುಟ್ಟಿದ ಈತ ನೇಕಾರನ ಮಗ. ಹನ್ನೆರಡನೆಯ ವಯಸ್ಸಿನಲ್ಲಿಯೇ ಸಾಲೆ ಕಲಿಸಲು ತೊಡಗಿದವನು. ಮಗ್ಗದ ಸಪ್ಪಳದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದು ಗೊತ್ತಿರಲಿ ಎಂದು ಹೇಳಿದೆ. ೧೮೦೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಪ್ರತಿಯೊಂದು ಮೂಲವಸ್ತುವಿಗೂ ಅದರದೇ ತೂಕದ ಪರಮಾಣು ಇದೆ ಎಂದು ವಿವರಿಸಿದನು. ಆದರೆ ಒಂದೇ ಜಾತಿಯ ಎರಡು ಪರಮಾಣುಗಳು ಜೋಡಿಯಾಗಿ ಇರಬಹುದೆಂಬುದನ್ನು ಅವನು ಒಪ್ಪಲಿಲ್ಲ. ನೀರು ಎಂದರೆ ಒಂದು ಜಲಜನಕ, ಒಂದು ಆಮ್ಲಜನಕ ಎಂದೇ ಎಣಿಸಿದನು. ಇಟಲಿಯ ಅವೊಗಾಡ್ರೊ ೧೮೧೧ರಲ್ಲಿ ಜೋಡಿಯ ವಿಚಾರವನ್ನು ಸ್ಪಷ್ಟವಾಗಿ ಮುಂದಿಟ್ಟನು. ಆದರೆ ಆತ ಆ್ಯಟಮ್ ಎಂಬ ಶಬ್ದವನ್ನೇ ಬಳಸಲಿಲ್ಲ. ಚಿಕ್ಕದಕ್ಕೂ ದೊಡ್ಡದಕ್ಕೂ ಮಾಲೆಕ್ಯೂಲ್ ಎಂದೇ ಬರೆದು, ಹಿಂದೆ ಮುಂದೆ ವಿಶೇಷಣ ಹಚ್ಚಿದನು. ಓದಿದವರಿಗೆ ಗೊಂದಲ. ಸುಮಾರು ಐವತ್ತು ವರ್ಷ ಯುರೋಪಿನ ವಿದ್ವಾಂಸರೆಲ್ಲ ಈ ಎರಡು ಶಬ್ದಗಳ ನಡುವೆ ಒದ್ದಾಡಿದರು. ಒಬ್ಬರ ಲೆಕ್ಕದಲ್ಲಿ ಆಮ್ಲಜನಕ ೮, ಇನ್ನೊಬ್ಬರ ಲೆಕ್ಕದಲ್ಲಿ ೧೬. ಜರ್ಮನಿಯ ಕೆಕುಲೆ ತನ್ನ ಪುಸ್ತಕದಲ್ಲಿ ಅಸಿಟಿಕ್ ಆಮ್ಲ ಒಂದಕ್ಕೇ, ಅಂದರೆ ಹುಳಿಗೆ ಬಳಸುವ ವಿನೆಗರಿನಲ್ಲಿರುವ ಆಮ್ಲಕ್ಕೆ, ಬೇರೆ ಬೇರೆಯವರು ಬರೆಯುತ್ತಿದ್ದ ೧೯ ಸೂತ್ರಗಳನ್ನು ಪಟ್ಟಿ ಮಾಡಿದ್ದಾನೆ! ಕೊನೆಗೆ ೧೮೬೦ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂ ಎಂಬಲ್ಲಿ ರಸಾಯನಶಾಸ್ತ್ರಜ್ಞರು ಸಭೆ ಸೇರಿದರು. ಪರಮಾಣು ಯಾವುದು, ಅಣು ಯಾವುದು ಎಂಬುದೇ ಚರ್ಚೆಯ ಮುಖ್ಯ ವಿಷಯ. ಅಲ್ಲಿ ಕಾನಿಜಾರೊ ಎಂಬ ಇಟಲಿಯ ಪ್ರಾಧ್ಯಾಪಕ ಅವೊಗಾಡ್ರೊನ ವಿಚಾರವನ್ನು ಬಿಡಿಸಿ ಹೇಳಿದನು. ಅವೊಗಾಡ್ರೊ ತೀರಿಕೊಂಡು ಆಗಲೇ ನಾಲ್ಕು ವರ್ಷ ಆಗಿತ್ತು.

ಇನ್ನು ನಮ್ಮ ಶಬ್ದದ ಮೂಲ. ಪರಮ ಎಂಬುದಕ್ಕೆ ಅಣು ಸೇರಿ ಪರಮಾಣು. ಸವರ್ಣದೀರ್ಘ ಸಂಧಿ, ಎಂಟನೆಯ ಇಯತ್ತೆಯವರೂ ಬಿಡಿಸಬಲ್ಲರು. ಅಣು ಎಂದರೆ ಅತಿ ಚಿಕ್ಕದು, ಪರಮಾಣು ಎಂದರೆ ಅದಕ್ಕಿಂತ ಚಿಕ್ಕದು ಮತ್ತೊಂದಿಲ್ಲ ಎಂಬಷ್ಟು ಚಿಕ್ಕದು. ಕಣಾದ ಮಹರ್ಷಿಯ ಹೆಸರಿನಲ್ಲಿರುವ ವೈಶೇಷಿಕ ದರ್ಶನದಲ್ಲಿ ಪೃಥ್ವಿ, ಜಲ, ತೇಜಸ್ಸು, ವಾಯು ಇವುಗಳಿಗೆ ಪರಮಾಣುಗಳಿವೆ. ಎರಡು ಪರಮಾಣು ಕೂಡಿದರೆ ದ್ವ್ಯಣುಕ, ಅಂಥ ಮೂರು ಕೂಡಿದರೆ ತ್ರ್ಯಣುಕ. ಬೆಳಕಿಂಡಿಯಿಂದ ಬಂದ ಬಿಸಿಲುಕೋಲಿನಲ್ಲಿ ಕುಣಿಯುವ ಧೂಳಿನ ಕಣವೇ ತ್ರ್ಯಣುಕ. ಅದಕ್ಕೆ ತ್ರಸರೇಣು ಎಂದೂ ಹೆಸರು. ಇದನ್ನು ಓದಿ, ಡಾಲ್ಟನ್ ಹೇಳಿದ್ದನ್ನೆಲ್ಲ ನಮ್ಮವರು ಮೊದಲೇ ಹೇಳಿದ್ದರು ಎಂದು ಭಾಷಣ ಮಾಡುವವರಿದ್ದಾರೆ. ಅದು ಸರಿಯಲ್ಲ. ವೈಶೇಷಿಕರದು ತರ್ಕದಿಂದ ಕಂಡ ಪರಮಾಣು, ಡಾಲ್ಟನ್ನನದು ತಕ್ಕಡಿಯಲ್ಲಿ ತೂಗಿ ಹಿಡಿದ ಪರಮಾಣು. ಹಳಬರಿಂದ ನಮಗೆ ಬಂದದ್ದು ಶಬ್ದ, ಮತ್ತು ಅದು ಒಳ್ಳೆಯ ಶಬ್ದ.

ಆ ಹಳೆಯ ಗ್ರಂಥಗಳಲ್ಲಿ ಅಣು, ಪರಮಾಣು ಎರಡೂ ಎಷ್ಟೋ ಕಡೆ ಒಂದೇ ಅರ್ಥದಲ್ಲಿ ಬರುತ್ತವೆ. ‘ಅಣು ರೇಣು ತೃಣ ಕಾಷ್ಠ’ ಎಂದು ನಮ್ಮ ಹಿರಿಯರು ಹೇಳುವುದನ್ನು ಕೇಳಿದ್ದೀರಲ್ಲ? ಅಲ್ಲಿಯ ಕ್ರಮ ನೋಡಿರಿ. ಅಣು ಎಲ್ಲಕ್ಕೂ ಚಿಕ್ಕದು, ಅದಕ್ಕಿಂತ ದೊಡ್ಡದು ರೇಣು, ಆಮೇಲೆ ಹುಲ್ಲು, ಆಮೇಲೆ ಕಟ್ಟಿಗೆ. ಈ ಕ್ರಮವನ್ನು ಹಿಡಿದರೆ ಮರಾಠಿಯವರ ಅಣು ರೇಣು ಎಂಬ ಜೋಡಿಗೂ ಆಧಾರವಿದೆ. ನಮ್ಮ ಪರಮಾಣು ಅಣು ಎಂಬ ಜೋಡಿಗೂ ಆಧಾರವಿದೆ. ಹಿಂದಿ, ಗುಜರಾತಿ, ಬಂಗಾಲಿ, ತೆಲುಗು ನಮ್ಮ ಪಂಕ್ತಿಯಲ್ಲಿ ಕುಳಿತಿವೆ; ಅಣು ಎಂದರೆ ಆ್ಯಟಮ್ ಎನ್ನುವುದರಲ್ಲಿ ತಮಿಳು ಮರಾಠಿಯ ಜೊತೆಗಿದೆ. ಯಾರದು ಸರಿ ಎಂದು ಜಗಳಾಡಿ ಪ್ರಯೋಜನವಿಲ್ಲ. ಯಾವ ಪಂಕ್ತಿಯಲ್ಲಿ ಕುಳಿತು ಬರೆಯುತ್ತಿದ್ದೇವೆ ಎಂಬುದು ನೆನಪಿದ್ದರೆ ಸಾಕು.

ನಮ್ಮ ಕನ್ನಡದಲ್ಲಿಯೇ ಒಂದು ಹುಳುಕಿದೆ, ಅದನ್ನೂ ಹೇಳಿಬಿಡುತ್ತೇನೆ. ಪತ್ರಿಕೆಗಳು ೧೯೪೫ರ ಹಿರೋಶಿಮಾದ ಬಾಂಬಿಗೆ ಅಣುಬಾಂಬು ಎನ್ನುತ್ತವೆ, ಕಾರವಾರದ ಹತ್ತಿರದ ಕೈಗಾಕ್ಕೆ ಅಣುಸ್ಥಾವರ ಎನ್ನುತ್ತವೆ. ಆ ಶಕ್ತಿ ಬರುವುದು ಪರಮಾಣುವಿನ ನಡುವೆ ಇರುವ ಬೀಜದಿಂದ, ನ್ಯೂಕ್ಲಿಯಸ್ಸಿನಿಂದ. ಅಂದಮೇಲೆ ಕನ್ನಡ ವಿಜ್ಞಾನದ ಲೆಕ್ಕದಲ್ಲಿ ಅದು ಪರಮಾಣು ಬಾಂಬು ಆಗಬೇಕು. ಮರಾಠಿಯವರು ಅಣುಬಾಂಬ್ ಎಂದರೆ ಅವರ ಶಬ್ದಕ್ಕೆ ಸರಿಯಾಗಿದೆ, ನಾವು ಎಂದರೆ ತಪ್ಪು! ಆಡುಮಾತಿನಲ್ಲಿ ಇದು ಬೇರೂರಿದೆ, ಕಿತ್ತು ಹಾಕಲಾಗದು. ಮೈಸೂರಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಲಕ್ಷ್ಮಣರಾಯರು ತಮ್ಮ ಪುಸ್ತಕಕ್ಕೆ ‘ಪರಮಾಣು ಚರಿತ್ರೆ’ ಎಂದು ಹೆಸರಿಟ್ಟರು. ಪರೀಕ್ಷೆಯಲ್ಲಿ ಅವರನ್ನು ಅನುಸರಿಸಿರಿ.

ಎರಡನೆಯ ಶಬ್ದ ಧಾತು. ಇದು ಅಣುವಿಗಿಂತಲೂ ಮೋಸದ ಶಬ್ದ. ಇಂಗ್ಲಿಷಿನ ಎಲಿಮೆಂಟ್ ಎಂಬುದಕ್ಕೆ ಕನ್ನಡದಲ್ಲಿ ಧಾತು, ಮೂಲಧಾತು, ಮೂಲವಸ್ತು ಎಂದು ಹೇಳುತ್ತೇವೆ, ಮರಾಠಿಯಲ್ಲಿ ಮೂಲದ್ರವ್ಯ. ಮರಾಠಿಯಲ್ಲಿ ಧಾತು ಎಂದರೆ ಮೆಟಲ್, ಹಿಂದಿಯಲ್ಲಿಯೂ ಹಾಗೆಯೇ. ಮೆಟಲ್ ಎಂಬುದಕ್ಕೆ ನಾವು ಲೋಹ ಎನ್ನುತ್ತೇವೆ. ಅದೇ ಲೋಹ ಮರಾಠಿಗೆ ಹೋದರೆ ಬರೀ ಕಬ್ಬಿಣ! ಸಾಲೆಗಳಲ್ಲಿ ಮಕ್ಕಳಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಗೆ ಮರಾಠಿಯಲ್ಲಿ ಲೋಹಯುಕ್ತ ಗೋಳಿ ಎನ್ನುವುದು ಇದೇ ಅರ್ಥದಲ್ಲಿ. ಸಂಸ್ಕೃತದಲ್ಲಿ ಲೋಹ ಎಂದರೆ ಮೊದಲು ಕೆಂಪು, ಅದರಿಂದ ತಾಮ್ರ, ಆಮೇಲೆ ಕಬ್ಬಿಣ, ಎಲ್ಲ ಲೋಹಗಳು ಎಂದು ಅರ್ಥ ಹರಡುತ್ತ ಬಂತು. ಒಂದೊಂದು ಭಾಷೆ ಒಂದೊಂದು ಅರ್ಥವನ್ನು ಉಳಿಸಿಕೊಂಡಿತು. ನಮ್ಮ ದೇವರಮನೆಯ ಪಂಚಲೋಹದ ಮೂರ್ತಿ ಪಕ್ಕದ ಮರಾಠಿ ಮನೆಯಲ್ಲಿ ಪಂಚಧಾತುವಿನ ಮೂರ್ತಿ ಆಗುತ್ತದೆ. ಮೂರ್ತಿ ಅದೇ.

ಈಗ ಪ್ರಶ್ನೆ: ಹಿತ್ತಾಳೆ ಧಾತುವೇ? ಮರಾಠಿಯ ಮಾತಿನಲ್ಲಿ ಭಾಂಡೆ ಅಂಗಡಿಯವನು ಹೌದು ಎಂದಾನು. ಅದು ಲೋಹದ ಹಾಗೆಯೇ ಹೊಳೆಯುತ್ತದೆ, ಬಡಿದರೆ ಹಾಗೆಯೇ ಸಪ್ಪಳ ಮಾಡುತ್ತದೆ. ಕನ್ನಡ ವಿಜ್ಞಾನದಲ್ಲಿ ಖಂಡಿತ ಅಲ್ಲ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಕಂಚು ತಾಮ್ರ ಮತ್ತು ತವರದ ಮಿಶ್ರಲೋಹ. ತಾಮ್ರ, ಸತು, ತವರ ಮೂರೂ ಧಾತುಗಳು, ಮೂರೂ 

ಲೋಹಗಳು. ಗಂಧಕ, ಇಂಗಾಲ, ಆಮ್ಲಜನಕ ಧಾತುಗಳು ಹೌದು, ಲೋಹಗಳಲ್ಲ. ‘ಆಮ್ಲಜನಕ ಒಂದು ಧಾತು’ ಎಂಬ ಕನ್ನಡ ವಾಕ್ಯವನ್ನು ಮರಾಠಿ ಕಿವಿಯಿಂದ ಕೇಳಿದರೆ, ನಾವು ಉಸಿರಾಡುವ ಗಾಳಿಯನ್ನು ಲೋಹ ಮಾಡಿದ ಹಾಗಾಗುತ್ತದೆ. (ಸತುವಿಗೆ ಇಲ್ಲಿಯ ಪೇಟೆಯಲ್ಲಿ ಜಸ್ತ ಎನ್ನುತ್ತಾರೆ, ತವರಕ್ಕೆ ಮರಾಠಿಯಲ್ಲಿ ಕಥೀಲ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವುದು ಈ ತವರದಿಂದ. ಹುಳಿ ಪದಾರ್ಥ ತಾಮ್ರ, ಸತುಗಳನ್ನು ಮುಟ್ಟಿ ಕಿಲುಬು ಏಳದಿರಲಿ ಎಂದು ನಡುವೆ ಹಾಸುವ ತೆಳ್ಳನೆಯ ಪದರು ಅದು. ಮನೆಯ ಮೇಲಿನ ಪತ್ರಾಗಳಿಗೆ ಟಿನ್ ಎಂದು ಹೆಸರಿದ್ದರೂ ಅವುಗಳಲ್ಲಿ ತವರವಿಲ್ಲ. ಸತು ಲೇಪಿಸಿದ ಉಕ್ಕು.)

ಹಾಗಾದರೆ ಕನ್ನಡದವರು ಎಲಿಮೆಂಟಿಗೆ ಧಾತು ಎಂದದ್ದು ಏಕೆ? ಇಲ್ಲಿ ನನ್ನ ವ್ಯಾಕರಣ ಸಹಾಯಕ್ಕೆ ಬರುತ್ತದೆ. ‘ಮಾಡುತ್ತಾನೆ, ಮಾಡಿದನು, ಮಾಡುವನು’ ಇವುಗಳ ಪ್ರತ್ಯಯಗಳನ್ನು ಕಳೆದರೆ ಉಳಿಯುವುದು ‘ಮಾಡು’. ಅದು ಧಾತು. ಅದನ್ನು ಮತ್ತೆ ಮಾ, ಡು ಎಂದು ಕತ್ತರಿಸಿದರೆ ಅರ್ಥವೇ ಹೋಗುತ್ತದೆ. ಧಾತುವೆಂದರೆ ಬಿಡಿಸುತ್ತ ಹೋದಾಗ ನಿಲ್ಲಬೇಕಾದ ತಾಣ. ರಸಾಯನಶಾಸ್ತ್ರದ ಧಾತುವೂ ಹಾಗೆಯೇ. ನೀರಿನಲ್ಲಿ ವಿದ್ಯುತ್ತು ಹರಿಸಿದರೆ ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆ. ಆದ್ದರಿಂದ ನೀರು ಧಾತುವಲ್ಲ, ಸಂಯುಕ್ತ. ಜಲಜನಕವನ್ನು ಕಾಯಿಸಲಿ, ಆಮ್ಲದಲ್ಲಿ ಹಾಕಲಿ, ವಿದ್ಯುತ್ತು ಹರಿಸಲಿ, ಅದಕ್ಕಿಂತ ಸರಳವಾದ ವಸ್ತು ಅದರಿಂದ ಬರುವುದಿಲ್ಲ. ಕೆಲವೇ ಧಾತುಗಳಿಂದ ಪ್ರತ್ಯಯ ಹಚ್ಚಿ ಹಚ್ಚಿ ಸಾವಿರಾರು ಕ್ರಿಯಾಪದಗಳು ಹುಟ್ಟುವಂತೆ, ಇಂದು ಗೊತ್ತಿರುವ ೧೧೮ ಧಾತುಗಳಿಂದ ಜಗತ್ತಿನ ಎಲ್ಲ ವಸ್ತುಗಳೂ ಆಗಿವೆ. ಫ್ರಾನ್ಸಿನ ಲಾವ್ವಾಸಿಯೆ ೧೭೮೯ರಲ್ಲಿ ಕೊಟ್ಟ ಪಟ್ಟಿಯಲ್ಲಿ ೩೩ ಹೆಸರುಗಳಿದ್ದವು. ಅವುಗಳಲ್ಲಿ ಬೆಳಕು ಮತ್ತು ಶಾಖವೂ ಸೇರಿದ್ದವು. ಕೊನೆಯ ನಾಲ್ಕು ಧಾತುಗಳಿಗೆ ಹೆಸರಿಟ್ಟು ೧೧೮ರ ಸಾಲು ಪೂರ್ತಿಯಾದದ್ದು ೨೦೧೬ರಲ್ಲಿ. ರಷ್ಯದ ಮೆಂಡೆಲೀವ್ ೧೮೬೯ರಲ್ಲಿ ಧಾತುಗಳ ಕೋಷ್ಟಕ ಮಾಡಿ, ಆಗ ಇನ್ನೂ ಸಿಗದ ಧಾತುಗಳಿಗೆ ಸ್ಥಳ ಬಿಟ್ಟನು. ಆಮೇಲೆ ಅವುಗಳಿಗೆ ತಾತ್ಪೂರ್ತಿಕ ಹೆಸರು ಇಡಲು ಸಂಸ್ಕೃತದ ‘ಏಕ’ ಎಂಬುದನ್ನು ಹಚ್ಚಿದನು: ಏಕ ಅಲ್ಯುಮಿನಿಯಂ, ಏಕ ಸಿಲಿಕಾನ್. ಮೊದಲನೆಯದು ೧೮೭೫ರಲ್ಲಿ ಗ್ಯಾಲಿಯಂ ಎಂದು, ಎರಡನೆಯದು ೧೮೮೬ರಲ್ಲಿ ಜರ್ಮೇನಿಯಂ ಎಂದು ಸಿಕ್ಕವು.

ಕ್ಷಾರವೂ ಇದೇ ಜಾತಿಯ ಶಬ್ದ. ಕನ್ನಡದಲ್ಲಿ ಆಮ್ಲ ಮತ್ತು ಪ್ರತ್ಯಾಮ್ಲ ಕೂಡಿದರೆ ಲವಣ ಮತ್ತು ನೀರು. ಕ್ಷಾರ ಎಂದರೆ ನೀರಿನಲ್ಲಿ ಕರಗುವ ಪ್ರತ್ಯಾಮ್ಲ. ಬಟ್ಟೆ ಬೇಯಿಸುವಲ್ಲಿ ಬಳಸುವ ಕಾಸ್ಟಿಕ್ ಸೋಡಾ ಕ್ಷಾರ. ಮರಾಠಿಯಲ್ಲಿ ಆಮ್ಲ ಮತ್ತು ಆಮ್ಲಾರಿ ಕೂಡಿದರೆ ಕ್ಷಾರ ಮತ್ತು ನೀರು. ಅಲ್ಲಿಯ ಕ್ಷಾರ ಎಂದರೆ ನಮ್ಮ ಲವಣ. ಬೋರಿನ ನೀರಿನಲ್ಲಿ ಕ್ಷಾರ ಬಹಳ ಎಂದು ಮರಾಠಿಯವರು ಹೇಳಿದರೆ ಅದು ಸವಳು ನೀರು, ಕಾಸ್ಟಿಕ್ ಬೆರೆತ ನೀರಲ್ಲ. ಆಮ್ಲಕ್ಕೆ ಅರಿ, ಅಂದರೆ ವೈರಿ, ಆಮ್ಲಾರಿ: ಇದು ನನಗೆ ಬಹಳ ಹಿಡಿಸಿದ ಶಬ್ದ. ನಮ್ಮ ಪ್ರತ್ಯಾಮ್ಲಕ್ಕಿಂತ ಚೆನ್ನಾಗಿದೆ ಎಂದರೆ ಕನ್ನಡಾಭಿಮಾನಿಗಳು ಸಿಟ್ಟಾಗಬಾರದು.

ಧಾತುಗಳ ಹೆಸರುಗಳಿಗೆ ಬರೋಣ. ಕಬ್ಬಿಣ, ಬೆಳ್ಳಿ, ತಾಮ್ರ, ಸೀಸ, ಪಾದರಸ, ಗಂಧಕ ಇವು ಹಳೆಯ ಹೆಸರುಗಳು. ಆಮ್ಲಜನಕ, ಜಲಜನಕ ಇವು ಪಶ್ಚಿಮದ ಹೆಸರುಗಳನ್ನು ಬಿಡಿಸಿ ಕನ್ನಡದಲ್ಲಿ ಕಟ್ಟಿದವು. ಜಲಜನಕ ಉರಿದರೆ ನೀರು ಹುಟ್ಟುತ್ತದೆ, ಹೆಸರು ಸಾರ್ಥಕ. ಆಮ್ಲಜನಕದ ಹೆಸರು ಮಾತ್ರ ತಪ್ಪು ತಿಳಿವಳಿಕೆಯಿಂದ ಬಂದದ್ದು. ಎಲ್ಲ ಆಮ್ಲಗಳಿಗೂ ಇದೇ ಕಾರಣ ಎಂದು ನಂಬಿ ಲಾವ್ವಾಸಿಯೆ ಅದಕ್ಕೆ ‘ಆಮ್ಲವನ್ನು ಹುಟ್ಟಿಸುವುದು’ ಎಂಬ ಅರ್ಥದ ಗ್ರೀಕ್ ಹೆಸರನ್ನು ಇಟ್ಟನು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂದು ಇಂಗ್ಲೆಂಡಿನ ಡೇವಿ ೧೮೧೦ರಲ್ಲಿ ತೋರಿಸಿದನು. ಹೆಸರು ಉಳಿಯಿತು. ಸಣ್ಣಪ್ಪ ಎಂಬವನು ಆರಡಿ ಎತ್ತರ ಬೆಳೆದರೆ ನಾವೇನು ಹೆಸರು ಬದಲಿಸುತ್ತೇವೆಯೇ? ಇತ್ತೀಚಿನ ಪುಸ್ತಕಗಳಲ್ಲಿ ಆಕ್ಸಿಜನ್, ಹೈಡ್ರೋಜನ್ ಎಂದೇ ಬರುವುದನ್ನು ಕಂಡು ಕೆಲವರು ಬೇಸರಪಡುತ್ತಾರೆ. ೧೯೬೧ರಲ್ಲಿ ಕೇಂದ್ರ ಸರಕಾರ ನೇಮಿಸಿದ ವೈಜ್ಞಾನಿಕ ಪರಿಭಾಷಾ ಆಯೋಗವೂ ಧಾತು, ಸಂಯುಕ್ತಗಳ ಅಂತರರಾಷ್ಟ್ರೀಯ ಹೆಸರುಗಳನ್ನು ಹಾಗೆಯೇ ಇಟ್ಟುಕೊಳ್ಳಬಹುದು ಎಂದಿತು. ಎರಡೂ ಹೆಸರು ತಿಳಿದಿರುವುದು ಒಳ್ಳೆಯದು; ನಾಳೆ ಕಾಲೇಜಿನ ಮೊದಲ ದಿನ ಆಕ್ಸಿಜನ್ ಎಂದಾಗ ಬೆದರಬೇಕಾಗಿಲ್ಲ.

ಯಾವ ಭಾಷೆಯ ಹಂಗೂ ಇಲ್ಲದ್ದು ಸಂಕೇತ. ಸ್ವೀಡನ್ನಿನ ಬರ್ಜೀಲಿಯಸ್ ೧೮೧೩ರಲ್ಲಿ ಧಾತುಗಳಿಗೆ ಅಕ್ಷರಗಳನ್ನು ಗುರುತಾಗಿ ಕೊಟ್ಟನು. ಸೋಡಿಯಂಗೆ ‘ಎನ್‌ಎ’ ಏಕೆ, ಪೊಟ್ಯಾಸಿಯಂಗೆ ‘ಕೆ’ ಏಕೆ ಎಂದು ಮಕ್ಕಳು ಕೇಳುತ್ತಾರೆ. ಅವು ನೇಟ್ರಿಯಂ, ಕೇಲಿಯಂ ಎಂಬ ಲ್ಯಾಟಿನ್ ಹೆಸರುಗಳ ಅಕ್ಷರಗಳು. ಪಾದರಸದ ‘ಎಚ್‌ಜಿ’ ಬಂದ ಹೆಸರಿಗೆ ನೀರಿನಂಥ ಬೆಳ್ಳಿ ಎಂದು ಅರ್ಥ. ಎರಡಕ್ಷರದ ಸಂಕೇತದಲ್ಲಿ ಮೊದಲನೆಯದು ದೊಡ್ಡಕ್ಷರ, ಎರಡನೆಯದು ಸಣ್ಣಕ್ಷರ. ದೊಡ್ಡ ಸಿ, ಸಣ್ಣ ಓ ಬರೆದರೆ ಕೋಬಾಲ್ಟ್ ಎಂಬ ಲೋಹ, ಒಂದು ಧಾತು. ಎರಡನ್ನೂ ದೊಡ್ಡದಾಗಿ ಬರೆದರೆ ಇಂಗಾಲ ಆಮ್ಲಜನಕಗಳು ಕೂಡಿದ ಕಾರ್ಬನ್ ಮೊನಾಕ್ಸೈಡ್, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಜೀವ ತೆಗೆಯುವ ಅನಿಲ. ಇಲ್ಲಿ ಅಕ್ಷರದ ಗಾತ್ರವೂ ಅರ್ಥವನ್ನು ಬದಲಿಸುತ್ತದೆ.

ಮಕ್ಕಳೇ, ಈಗ ಒಂದು ಲೆಕ್ಕ. ಅಕ್ಕಲಕೋಟ ಕಡೆಯ ಹಳ್ಳಿಗಳಿಂದ ಬರುವವರ ಮನೆಯಲ್ಲಿ ಯೂರಿಯಾ ಚೀಲ ಇದ್ದೇ ಇರುತ್ತದೆ. ಕೃಷಿ ಇಲಾಖೆಯ ಮರಾಠಿ ಹಾಳೆಗಳಲ್ಲಿ ನತ್ರ, ಸ್ಫುರದ, ಪಾಲಾಶ ಎಂದು ಬರೆದಿರುತ್ತದೆ. ನತ್ರ ಎಂದರೆ ನಮ್ಮ ಸಾರಜನಕ, ಸ್ಫುರದ ಎಂದರೆ ರಂಜಕ, ಪಾಲಾಶ ಎಂದರೆ ಪೊಟ್ಯಾಷ್. ಬೇವು ಲೇಪಿತ ಯೂರಿಯಾದ ಚೀಲದ ಮೇಲೆ ಸಾರಜನಕ ನೂರಕ್ಕೆ ೪೬ ಎಂದು ಅಚ್ಚಾಗಿರುತ್ತದೆ. ಈ ೪೬ ಎಲ್ಲಿಂದ ಬಂತು? ಯೂರಿಯಾದ ಒಂದು ಅಣುವಿನಲ್ಲಿ ಎಂಟು ಪರಮಾಣುಗಳಿವೆ: ಇಂಗಾಲ ಒಂದು, ಆಮ್ಲಜನಕ ಒಂದು, ಸಾರಜನಕ ಎರಡು, ಜಲಜನಕ ನಾಲ್ಕು. ಪರಮಾಣು ತೂಕಗಳು ಕ್ರಮವಾಗಿ ೧೨, ೧೬, ೧೪, ೧. ಕೂಡಿಸಿರಿ: ೧೨, ೧೬, ೨೮, ೪. ಒಟ್ಟು ೬೦, ಇದು ಯೂರಿಯಾದ ಅಣುತೂಕ. ಅರವತ್ತರಲ್ಲಿ ಸಾರಜನಕ ೨೮. ನೂರಕ್ಕೆ ಎಷ್ಟು? ೪೬.೬. ಕಾರಖಾನೆಯಿಂದ ಬರುವ ಸರಕು ಪೂರ್ಣ ಶುದ್ಧವಿರುವುದಿಲ್ಲವಾದ್ದರಿಂದ ಚೀಲದ ಮೇಲೆ ೪೬.

ಇದೇ ಲೆಕ್ಕದಲ್ಲಿ ಯಾರಾದರೂ ಪರಮಾಣು ತೂಕ ೧೪ರ ಬದಲು ಸಾರಜನಕದ ಅಣುತೂಕ ೨೮ನ್ನು ಹಿಡಿದು ಎರಡರಿಂದ ಗುಣಿಸಿದರೆ ೫೬ ಬರುತ್ತದೆ. ಅರವತ್ತರಲ್ಲಿ ೫೬, ಅಂದರೆ ನೂರಕ್ಕೆ ೯೩. ಅಂಥ ಯೂರಿಯಾ ಎಲ್ಲಿಯೂ ಸಿಗುವುದಿಲ್ಲ. ಚೀಲವನ್ನು ನೋಡಿದರೆ ತಪ್ಪು ಅಲ್ಲಿಯೇ ತಿಳಿಯುತ್ತದೆ. ಚೀಲದ ತೂಕ ೪೫ ಕಿಲೋ. ನೂರಕ್ಕೆ ೪೬ರಂತೆ ಸಾರಜನಕ ೨೦ ಕಿಲೋ ೭೦೦ ಗ್ರಾಂ. ಅಪ್ಪನಿಗೆ ಲೆಕ್ಕ ಮಾಡಿ ತೋರಿಸಿರಿ. ಪಕ್ಕದ ಹೊಲದ ಮರಾಠಿ ಕಾಕಾ ಕೇಳಿದರೆ ನತ್ರ ಎಂದು ಹೇಳಿರಿ.